ಕೆನಾನ್ 50ಎಂಎಂ 1.8 ಲೆನ್ಸು, ಮನೆಯೊಳಗಿನ ಮಬ್ಬು ಬೆಳಕಲ್ಲಿ ಎರಡು ವರ್ಷ ಬಳಸಿದ ಮೇಲೆ

ಅಕ್ಕನ ಮಗಳ ತೊಟ್ಲು ಶಾಸ್ತ್ರ, ದಾವಣಗೆರೆ ನಿಟ್ಟುವಳ್ಳಿಲಿರೋ ಅವರ ಮನೆ ಹಾಲಲ್ಲೇ, ಸಂಜೆ ಏಳರ ಮೇಲೆ. ಫೋಟೋಗ್ರಾಫರ್ ಯಾಕೆ ದಂಡ, ಇವನ ಹತ್ರಾನೇ ಕ್ಯಾಮೆರಾ ಇದೆಯಲ್ಲ ಅಂತ ಭಾವ ಅಂದ್ರು, ನಾನೂ ಎದೆ ಉಬ್ಬಿಸ್ಕೊಂಡು ಹೋದೆ. ಹಾಲಲ್ಲಿ ಇದ್ದಿದ್ದು ಒಂದೇ ಟ್ಯೂಬ್‌ಲೈಟು, ಅದೂ ಮೂಲೆಲಿ. ಇನ್ನೂರು ಚಿಲ್ರೆ ಕ್ಲಿಕ್ ಮಾಡಿದ್ದೆ, ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದ್ರೆ ಮುಖ ನೆಟ್ಟಗೆ ಶಾರ್ಪ್ ಆಗಿದ್ದಿದ್ದು ಏಳೋ ಎಂಟೋ. ಉಳಿದಿದ್ರಲ್ಲಿ ಅಕ್ಕನ ಕಣ್ಣು ಎರಡರ ಬದಲು ನಾಕು ಇದ್ದಂಗೆ ಕಾಣ್ತಿತ್ತು, ಮಗು ಒಂದು ಹತ್ತಿ ಉಂಡೆ. ಅಕ್ಕ ಇವತ್ತಿಗೂ ಆ ಮಾತು ಎತ್ತುತಾಳೆ, ಬೇಕಂತಲೇ ನೆಂಟರ ಎದುರು.

ತಪ್ಪು ಕ್ಯಾಮೆರಾದ್ದಲ್ಲ. ನನ್ನದು ಕೆನಾನ್ 1500ಡಿ, ಜೊತೆಗೆ ಬಂದ 18-55 ಕಿಟ್ ಲೆನ್ಸು. ಅದು ಜೂಮ್ ಮಾಡಿ 55ಕ್ಕೆ ಹೋದಾಗ ಅಪರ್ಚರ್, ಅಂದ್ರೆ ಬೆಳಕು ಒಳಗೆ ಬಿಡೋ ಕಿಂಡಿ, 5.6ಕ್ಕಿಂತ ದೊಡ್ಡದಾಗಿ ತೆಗೆಯಲ್ಲ (ಈ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಎಫ್ ಅಂತ ಬರೆಯೋದೂ ಇದನ್ನೇ). ಅವತ್ತಿನ ಫೋಟೋಗಳ ವಿವರ ತೆಗೆದು ನೋಡಿದ್ರೆ ಶಟರ್, ಅಂದ್ರೆ ಕಿಂಡಿ ತೆರೆದಿರೋ ಹೊತ್ತು, 1/30 ಸೆಕೆಂಡು, ಐಎಸ್‌ಒ, ಅಂದ್ರೆ ಬಂದ ಬೆಳಕನ್ನ ಕ್ಯಾಮೆರಾ ಎಷ್ಟು ಏರಿಸ್ಕೊಳ್ಳುತ್ತೆ ಅನ್ನೋದು, 6400. ಅಂದ್ರೆ ಫೋಟೋ ತುಂಬಾ ರವೆ ಚೆಲ್ಲಿದಂಗೆ ಚುಕ್ಕೆ, ಕಾಳೂ ಕಾಳು, ಅಲ್ಲಾಡಿದ್ದೂ ಅಲ್ಲಾಡಿದ್ದೇ. ಲೆನ್ಸಲ್ಲಿ ಸ್ಟೆಬಿಲೈಸೇಶನ್ ಇದೆ ನಿಜ, ಆದ್ರೆ ಅದು ನನ್ನ ಕೈ ನಡುಗೋದನ್ನ ಹಿಡಿಯುತ್ತೇ ವಿನಾ ತೊಟ್ಲು ತೂಗೋರ ಕೈಯನ್ನಲ್ಲ. ಈ ಒಂದು ಮಾತು ನನಗೆ ಆವಾಗಲೇ ಯಾರಾದ್ರೂ ಹೇಳಿದ್ರೆ ಚೆನ್ನಾಗಿರ್ತಿತ್ತು.

5.6ಕ್ಕೂ 1.8ಕ್ಕೂ ಬೆಳಕಿನ ಲೆಕ್ಕದಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ವ್ಯತ್ಯಾಸ. ಅದೇ ಹಾಲಲ್ಲಿ, ಅದೇ ಟ್ಯೂಬ್‌ಲೈಟಲ್ಲಿ, 1/30 ಇದ್ದಿದ್ದನ್ನ 1/125 ಮಾಡಿ, ಐಎಸ್‌ಒನೂ 6400ರಿಂದ 2500ಕ್ಕೆ ಇಳಿಸಬಹುದು. ಇದು ಗೊತ್ತಾದ ದಿನವೇ ಲೆನ್ಸು ಹುಡುಕೋಕೆ ಕೂತೆ.

ಹೊಸದು ತಗೊಳ್ಳೋ ಮನಸ್ಸಿರಲಿಲ್ಲ. ಮೊದಲು ಒಬ್ಬರು ತೋರಿಸಿದ್ದು ಮಲೆನಾಡ ಕಡೆಯಿಂದ ಬಂದಿದ್ದ ಪೀಸು, ಹೊರಗಿಂದ ಹೊಸ ಮದುಮಗನ ಥರ ಹೊಳೀತಿತ್ತು. ಮೊಬೈಲ್ ಟಾರ್ಚ್ ಹಿಂದಿನಿಂದ ಬಿಟ್ಟು ಓರೆಯಾಗಿ ನೋಡಿದೆ, ಒಳಗೆ ಗಾಜಿನ ಮೇಲೆ ಜೇಡರ ಬಲೆ ಥರ ಫಂಗಸ್ಸು. ಮಳೆ ಸೀಮೆ ತೇವಕ್ಕೆ, ಬ್ಯಾಗಲ್ಲೇ ತಿಂಗಳುಗಟ್ಟಲೆ ಮುಚ್ಚಿಟ್ಟರೆ ಹಿಂಗಾಗುತ್ತೆ. ನಮ್ಮ ಬಯಲುಸೀಮೆ ಬಿಸಿಲಿಗೆ ಬೈಕೊಳ್ಳೋರು ಇದೊಂದಕ್ಕಾದ್ರೂ ಥ್ಯಾಂಕ್ಸ್ ಹೇಳ್ಬೇಕು, ನಮಗೆ ಫಂಗಸ್ ಕಾಟ ಕಡಿಮೆ, ಧೂಳಿನ ಕಾಟ ಜಾಸ್ತಿ, ಧೂಳಾದ್ರೆ ಬ್ಲೋಯರಿಂದ ಊದಬಹುದು. ಆಮೇಲೆ ಊರಲ್ಲೇ ಮದುವೆ ಫೋಟೋ ತೆಗೆಯೋ ಹುಡುಗ ಒಬ್ಬ ಮಿರರ್‌ಲೆಸ್ಸಿಗೆ, ಅಂದ್ರೆ ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾಗೆ, ಹೋದ, ಅವನದ್ದು 5500ಕ್ಕೆ ಬಂತು.

ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಒಂದು ನೋಡ್ಕೊಳ್ಳಿ. ಕೆನಾನಲ್ಲಿ 50ಎಂಎಂ 1.8 ಅಂದ್ರೆ ಓಡಾಡ್ತಿರೋದು ಮುಖ್ಯವಾಗಿ ಎರಡು. ಒಂದು 1990ರ ಎರಡನೇ ಮಾಡೆಲ್ಲು, ಕ್ಯಾಮೆರಾಗೆ ಸಿಗಿಸೋ ಜಾಗಾನೂ ಪ್ಲಾಸ್ಟಿಕ್ಕು, ಫೋಕಸ್ ಮಾಡುವಾಗ ಜೀರುಂಡೆ ಥರ ಕರ್ ಅನ್ನುತ್ತೆ. ಇನ್ನೊಂದು 2015ರಲ್ಲಿ ಬಂದ ಎಸ್‌ಟಿಎಂ (ಸ್ಟೆಪ್ಪಿಂಗ್ ಮೋಟರ್ ಇರೋದು), ಮೌಂಟ್ ಲೋಹದ್ದು, ಅಪರ್ಚರ್ ಬ್ಲೇಡು ಐದರ ಬದಲು ಏಳು, 35 ಸೆಂಟಿಮೀಟರ್ ಹತ್ತಿರದಿಂದ ಫೋಕಸ್ ಆಗುತ್ತೆ, ಹಳೇದಕ್ಕೆ 45 ಬೇಕು. ಬೆಲೆಲಿ ತುಂಬಾ ಅಂತರ ಇಲ್ಲಾಂದ್ರೆ ಕಣ್ಣುಮುಚ್ಚಿ ಎಸ್‌ಟಿಎಂನೇ. ನಾನು ಬರೀತಿರೋದೂ ಅದರ ಬಗ್ಗೆನೇ. ತೂಕ 160 ಗ್ರಾಂ, ಕಾಲು ಕೇಜಿ ಖಾರದ ಪೊಟ್ಟಣಕ್ಕಿಂತ ಹಗುರ.

ಮೊದಲ ತಿಂಗಳು ಸತ್ಯವಾಗ್ಲೂ ಬೇಜಾರಾಯ್ತು. ಎಫ್ 1.8 ಅಂತ ದುಡ್ಡು ಕೊಟ್ಟಿದೀನಿ, 1.8ರಲ್ಲೇ ತೆಗೀತೀನಿ ಅನ್ನೋ ಹಠ. ಹಿಂದಿನ ಗೋಡೆ, ಕ್ಯಾಲೆಂಡರು, ಟಿವಿ ಎಲ್ಲಾ ಬೆಣ್ಣೆ ಕರಗಿದಂಗೆ ಕರಗಿಹೋಗುತ್ತೆ, ಕ್ಯಾಮೆರಾ ಹಿಂದಿನ ಸಣ್ಣ ಸ್ಕ್ರೀನಲ್ಲಿ ನೋಡಿ ಆಹಾ ಅನ್ಸುತ್ತೆ. ದೊಡ್ಡದು ಮಾಡಿ ನೋಡಿದ್ರೆ ಮೂಗುತಿ ಶಾರ್ಪು, ಕಣ್ಣು ಮಸುಕು. ಇಲ್ಲಾ ಕಿವಿ ಓಲೆ ಶಾರ್ಪು, ಕಣ್ಣು ಮಸುಕು. ಒಂದು ಫೋಟೋದಲ್ಲಂತೂ ಅಮ್ಮನ ಭುಜದ ಮೇಲಿನ ಸೀರೆ ಪಿನ್ನು ಎಷ್ಟು ಚೆನ್ನಾಗಿ ಬಂದಿತ್ತು ಅಂದ್ರೆ ಪಿನ್ ಕಂಪನಿಗೆ ಕಳಿಸಬಹುದಿತ್ತು.

ಕಾರಣ ಬರೀ ಲೆಕ್ಕ. ಬೆಳಕು ಹಿಡಿಯೋ ಸೆನ್ಸರ್ ಸಣ್ಣದಿರೋ ನನ್ನದಂಥ ಕ್ಯಾಮೆರಾದಲ್ಲಿ, ಒಂದು ಮೀಟರ್ ದೂರದಲ್ಲಿ ಕೂತೋರನ್ನ 1.8ರಲ್ಲಿ ತೆಗೆದ್ರೆ ಶಾರ್ಪ್ ಬರೋ ಪಟ್ಟಿ ಎಲ್ಲಾ ಸೇರಿ ಎರಡೂವರೆ ಸೆಂಟಿಮೀಟರ್ ಅಷ್ಟೆ. ಎರಡು ಬೆರಳಗಲ ಕೂಡ ಇಲ್ಲ. ಕೂತೋರು ಉಸಿರು ಬಿಟ್ಟು ಸ್ವಲ್ಪ ಮುಂದೆ ಬಾಗಿದ್ರೂ ಕಣ್ಣು ಪಟ್ಟಿಯಿಂದ ಆಚೆ. ಅದೇ ಒಂದೂವರೆ ಮೀಟರಿಗೆ ಹಿಂದೆ ಸರಿದ್ರೆ ಆರು ಸೆಂಟಿಮೀಟರ್ ಆಗುತ್ತೆ, ಹಂಗೇ ಅಪರ್ಚರನ್ನ 2.8 ಮಾಡಿದ್ರೆ ಒಂಬತ್ತು. ಒಂಬತ್ತು ಸೆಂಟಿಮೀಟರಲ್ಲಿ ಮೂಗಿನ ತುದಿಯಿಂದ ಕಣ್ಣು ದಾಟಿ ಕೆನ್ನೆ ಹಿಂದಿನವರೆಗೂ ಬರುತ್ತೆ. ಅದೂ ಅಲ್ದೆ ಈ ಲೆನ್ಸು ಪೂರ್ತಿ ತೆಗೆದಾಗ ಸ್ವಲ್ಪ ಮೆತ್ತಗೆ, ಜರಿ ಅಂಚು, ಬೆಳ್ಳಿ ಲೋಟದ ಅಂಚಲ್ಲೆಲ್ಲಾ ನೇರಳೆ ಗೆರೆ ಬರುತ್ತೆ, 2.5 ದಾಟಿದ ಮೇಲೆ ಬೇರೆ ಲೆನ್ಸೇ ಏನೋ ಅನ್ನೋ ಹಂಗೆ ಗಟ್ಟಿಯಾಗುತ್ತೆ. ಸಾವಿರಗಟ್ಟಲೆ ಫೋಟೋ ಆದ ಮೇಲೆ ನನ್ನ ಅಭಿಪ್ರಾಯ ಇಷ್ಟೇ, 1.8 ಅನ್ನೋದು ಮನೇಲಿ ಗ್ಯಾಸ್ ಸಿಲಿಂಡರ್ ಇನ್ನೊಂದು ಇಟ್ಕೊಂಡಂಗೆ, ಇರಲಿ, ಆದ್ರೆ ದಿನಾ ಹಚ್ಚೋದು 2.2ರಿಂದ 2.8ರ ಒಳಗೆ.

ಇದನ್ನ ನನಗೆ ಕಲಿಸಿದ್ದು ನಮ್ಮಜ್ಜಿ. ಜಗಳೂರು ಕಡೆ ಹಳ್ಳಿ, ಇನ್ನೂ ಹಳೇ ಮಾಳಿಗೆ ಮನೆ, ಮೇಲೆ ಮಣ್ಣು, ಒಳಗೆ ಮರದ ಕಂಬ ತೊಲೆ, ಕಿಟಕಿ ಅನ್ನೋದು ಹೆಸರಿಗೆ. ಬೆಳಕು ಬರೋದು ಬಾಗಿಲಿಂದ ಇಲ್ಲಾ ಮಾಳಿಗೆ ಮೇಲಿನ ಗವಾಕ್ಷಿಯಿಂದ. ಹಗಲು ಹನ್ನೊಂದು ಗಂಟೆಗೂ ಒಳಗೆ ಕಾಲಿಟ್ರೆ ಕಣ್ಣು ಹೊಂದಿಕೊಳ್ಳೋಕೆ ಎರಡು ನಿಮಿಷ ಬೇಕು. ಇದರಲ್ಲಿ ಜೂಮ್ ಇಲ್ಲ ಅಂತ ಹೇಳಿ ಅಜ್ಜಿಗೆ ಲೆನ್ಸ್ ತೋರಿಸಿದೆ, ತಿರುಗಿಸಿ ನೋಡಿದ್ಲು.

"ಏನಲೇ ತಮ್ಮಾ ಇದು, ಮುಂದಕ್ಕೂ ಹೋಗಲ್ಲ ಹಿಂದಕ್ಕೂ ಬರಲ್ಲ ಅಂತೀಯ, ಇದಕ್ಕೆ ದುಡ್ಡು ಬ್ಯಾರೆ ಕೊಟ್ಟೀಯ?"

"ನಾನೇ ಮುಂದೆ ಹಿಂದೆ ಹೋಗ್ಬೇಕಜ್ಜಿ."

"ಹಂಗಾರೆ ದುಡ್ಡು ನಿನಗೆ ಕೊಡ್ಬೇಕಿತ್ತು ಬಿಡು."

ಅವಳನ್ನ ಸೀದಾ ಗವಾಕ್ಷಿ ಕೆಳಗೆ ಕೂರಿಸಿದೆ, ಜಾಸ್ತಿ ಬೆಳಕು ಅಲ್ಲೇ ಅಲ್ವಾ ಅಂತ. ಎಂಥ ದಡ್ಡತನ. ಬೆಳಕು ನೆತ್ತಿ ಮೇಲೆ ಬಿದ್ದು ಕಣ್ಣಿನ ಗುಳಿ ಎರಡೂ ಕಪ್ಪು, ನರಸಿಂಹನ ವೇಷದವರ ಥರ ಆಯ್ತು. ಆಮೇಲೆ ಎರಡು ಹೆಜ್ಜೆ ಹಿಂದೆ, ಕಂಬಕ್ಕೆ ಒರಗಿಸಿ ಕೂರಿಸಿದೆ, ಆವಾಗ ಗವಾಕ್ಷಿ ಬೆಳಕು ಮುಂದಿನಿಂದ ಓರೆಯಾಗಿ ಮುಖಕ್ಕೆ ಬಂತು. ತೊಡೆ ಮೇಲೆ ಅಜ್ಜನ ಬಿಳಿ ಪಂಚೆ ಮಡಚಿ ಹಾಸಿದೆ, ಕೆಳಗಿಂದ ಸ್ವಲ್ಪ ಬೆಳಕು ಎತ್ತಿ ಗದ್ದಕ್ಕೆ ಕೊಡ್ತು. ಸ್ಟುಡಿಯೋದವರು ರಿಫ್ಲೆಕ್ಟರ್ ಅಂತ ಹಿಡಿಯೋದು ಇದನ್ನೇ, ಪಂಚೆಗೆ ಬಾಡಿಗೆ ಇಲ್ಲ. ಕರೆಂಟ್ ಬಲ್ಬು ಆರಿಸಿಬಿಟ್ಟೆ, ಇಲ್ಲಾಂದ್ರೆ ಅರ್ಧ ಮುಖ ಹಳದಿ ಅರ್ಧ ಮುಖ ನೀಲಿ. ಎಫ್ 2.5, 1/125, ಐಎಸ್‌ಒ 1600.

ಆದ್ರೂ ಮೊದಲ ಹತ್ತು ಫೋಟೋ ಹಾಳು, ಯಾಕಂದ್ರೆ ಅಜ್ಜಿ ಮಾತಾಡ್ತಾ ಇರ್ತಾಳೆ, ಮಾತಿಗೆ ತಕ್ಕಂಗೆ ತಲೆ ಆಡುತ್ತೆ. ಸುಮ್ಮನಿರು ಅಂದ್ರೆ ಮುಖ ಆಧಾರ್ ಕಾರ್ಡಿಗೆ ಕೂತಂಗೆ ಬಿಗಿಯುತ್ತೆ. ಮಾತಾಡೋಕೆ ಬಿಟ್ಟು, ವಾಕ್ಯ ಮುಗಿದು ಮುಂದಿನದಕ್ಕೆ ಉಸಿರು ತಗೊಳ್ತಾಳಲ್ಲ, ಆ ಅರ್ಧ ಸೆಕೆಂಡ್ ತಲೆ ನಿಂತಿರುತ್ತೆ, ಅಲ್ಲಿ ಒಂದೇ ಬಾರಿಗೆ ಮೂರು ಕ್ಲಿಕ್ ಬಿಡಬೇಕು. ಮೂರರಲ್ಲಿ ನಡುವಿನದ್ದೋ ಕೊನೆದೋ ಗ್ಯಾರಂಟಿ, ಮೊದಲನೇದ್ರಲ್ಲಿ ಬಟನ್ ಒತ್ತಿದ ಧಕ್ಕೆಗೆ ನಮ್ಮ ಕೈನೇ ಅಲ್ಲಾಡಿರುತ್ತೆ. ಈ ಲೆನ್ಸಲ್ಲಿ ಸ್ಟೆಬಿಲೈಸೇಶನ್ ಇಲ್ಲ, ನಾನು ಎದುರಿನ ಕಂಬಕ್ಕೆ ಭುಜ ಕೊಟ್ಟು, ಮೊಣಕೈ ಹೊಟ್ಟೆಗೆ ಒತ್ಕೊಂಡು ತೆಗೆದೆ. ಕೈ ನಡುಕದ ಲೆಕ್ಕಕ್ಕೆ 1/80 ಸಾಕು, ಯಾಕಂದ್ರೆ ಸಣ್ಣ ಸೆನ್ಸರಿಂದ ನನ್ನ ಕ್ಯಾಮೆರಾದಲ್ಲಿ 50ಎಂಎಂ ಅನ್ನೋದು 80ಎಂಎಂ ಹಂಗೆ ಕಾಣುತ್ತೆ, ಎಂಎಂ ಎಷ್ಟೋ ಶಟರಿನ ಕೆಳಗಿನ ಅಂಕಿ ಅಷ್ಟಾದ್ರೂ ಇರಬೇಕು ಅನ್ನೋದೇ ಆ ಲೆಕ್ಕ. ಆದ್ರೆ ಎದುರಿಗಿರೋದು ಮನುಷ್ಯರು, ಅವರಿಗೆ 1/125 ಬೇಕೇ ಬೇಕು, ಮಕ್ಕಳಾದ್ರೆ 1/250, ಅದಕ್ಕೂ ಕೆಲವೊಮ್ಮೆ ಸಿಗಲ್ಲ ಆ ಮುಂಡೇವು.

ಫೋಕಸ್ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದ್ರೆ ಲೆನ್ಸ್ ಚೆನ್ನಾಗಿಲ್ಲ ಅಂತ ವಾಪಸ್ ಮಾರೋರು ಎಡವೋದು ಇಲ್ಲೇ. 1500ಡಿಲಿ ಒಂಬತ್ತು ಫೋಕಸ್ ಪಾಯಿಂಟು, ಅದರಲ್ಲಿ ನಡುವಿನದ್ದೊಂದೇ ಅಡ್ಡ ಗೆರೆನೂ ಉದ್ದ ಗೆರೆನೂ ಎರಡನ್ನೂ ಓದೋ ಕ್ರಾಸ್ ಟೈಪು. ಕತ್ತಲಲ್ಲಿ ಉಳಿದ ಎಂಟನ್ನ ನಂಬೋ ಹಂಗಿಲ್ಲ. ಒಂಬತ್ತನ್ನೂ ಕ್ಯಾಮೆರಾಗೇ ಬಿಟ್ರೆ ಅದು ಹತ್ತಿರ ಇರೋದನ್ನ ಹಿಡಿಯುತ್ತೆ, ಅಂದ್ರೆ ಮೂಗು, ಕೈ, ಹೂವಿನ ಹಾರ. ಹಂಗಾಗಿ ನಡುವಿನ ಪಾಯಿಂಟ್ ಒಂದೇ ಇಟ್ಟು, ನಮಗೆ ಹತ್ತಿರದ ಕಣ್ಣಿನ ಮೇಲೆ ಹಿಡೀಬೇಕು. ಫೋಕಸ್ ಹಿಡಿದು ಆಮೇಲೆ ಕ್ಯಾಮೆರಾ ವಾಲಿಸಿ ಮುಖವನ್ನ ಪಕ್ಕಕ್ಕೆ ತರೋ ಅಭ್ಯಾಸ ಎಲ್ಲರಿಗೂ ಇದೆ, ನನಗೂ ಇತ್ತು, ಕಿಟ್ ಲೆನ್ಸಲ್ಲಿ ಅದು ನಡೆಯುತ್ತೆ, ಇಲ್ಲಿ ನಡೆಯಲ್ಲ. ವಾಲಿಸಿದ ತಕ್ಷಣ ಫೋಕಸ್ ಪಟ್ಟಿ ಒಂದೆರಡು ಸೆಂಟಿಮೀಟರ್ ಹಿಂದೆ ಹೋಗುತ್ತೆ, ಕಣ್ಣು ಬಿಟ್ಟು ಕಿವಿ. ನಾನು ಈಗ ಮುಖ ನಡುವಿಗೇ ಇಟ್ಟು, ಸುತ್ತ ಜಾಗ ಬಿಟ್ಟು ತೆಗೆದು, ಆಮೇಲೆ ಕ್ರಾಪ್ ಮಾಡ್ತೀನಿ. 24 ಮೆಗಾಪಿಕ್ಸೆಲ್ ಇರೋದು ಮತ್ಯಾಕೆ.

ಕಪ್ಪು ಕಣ್ಣು, ಕಪ್ಪು ರೆಪ್ಪೆ, ಸುತ್ತ ಕತ್ತಲು, ಇಂಥದ್ದರಲ್ಲಿ ಲೆನ್ಸು ಆಚೆ ಈಚೆ ಹುಡುಕಾಡುತ್ತೆ. ಅದಕ್ಕೆ ಬೇಕಿರೋದು ಬೆಳಕಿಗಿಂತ ಹೆಚ್ಚಾಗಿ ಗೆರೆ, ಒಂದು ಕಡೆ ಬಿಳಿ ಒಂದು ಕಡೆ ಕಪ್ಪು ಇರೋ ಗೆರೆ. ನಮ್ಮ ಮನೆಯವರಲ್ಲಿ ಹಣೆ ಮೇಲೆ ವಿಭೂತಿ ಇರುತ್ತಲ್ಲ, ಮೂರು ಬೆರಳ ಗೆರೆ, ಅದರ ಅಂಚಿಗೆ ನಡುವಿನ ಪಾಯಿಂಟ್ ಇಟ್ಟರೆ ಟಕ್ ಅಂತ ಹಿಡಿಯುತ್ತೆ! ಹಣೆ ಕಣ್ಣಿಗಿಂತ ಒಂದು ಚೂರು ಮುಂದೆ ಇರುತ್ತೆ ಅನ್ನೋದು ನಿಜ, ಎಫ್ 2.5ರಲ್ಲಿ ಒಂದೂವರೆ ಮೀಟರಿಂದ ತೆಗೆದ್ರೆ ಅದು ಲೆಕ್ಕಕ್ಕಿಲ್ಲ. ಕನ್ನಡಕದ ಫ್ರೇಮೂ ಒಳ್ಳೇದು. ಏನೂ ಇಲ್ಲದವರಿಗೆ ಇನ್ನೊಬ್ಬರ ಕೈಯಲ್ಲಿ ಮೊಬೈಲ್ ಟಾರ್ಚ್ ಕೊಟ್ಟು, ಫೋಕಸ್ ಆಗೋವರೆಗೂ ಬೆಳಕು ಬಿಡಿಸಿ ಆಮೇಲೆ ಆರಿಸ್ತೀನಿ. ಕೂತೋರು ಅಲ್ಲಾಡೋರಲ್ಲ ಅಂದ್ರೆ ಹಿಂದಿನ ಸ್ಕ್ರೀನಲ್ಲೇ ನೋಡಿ ತೆಗೆಯೋ ಲೈವ್ ವ್ಯೂ ಹಾಕಿ, ಕಣ್ಣನ್ನ ಹತ್ತು ಪಟ್ಟು ದೊಡ್ಡದು ಮಾಡಿ, ಕೈಯಿಂದ ರಿಂಗ್ ತಿರುಗಿಸಿ ಫೋಕಸ್ ಮಾಡೋದು ಎಲ್ಲಕ್ಕಿಂತ ಕರಾರುವಾಕ್ಕು, ನಿಧಾನ ಅಷ್ಟೆ.

ಟ್ಯೂಬ್‌ಲೈಟಿಂದು ಬೇರೆಯೇ ಕಥೆ. ನಮ್ಮ ಕರೆಂಟು 50 ಹರ್ಟ್ಸು, ಹಳೇ ಚೋಕಿನ ಟ್ಯೂಬು, ಕೆಲವು ಅಗ್ಗದ ಎಲ್‌ಇಡಿ, ಸೆಕೆಂಡಿಗೆ ನೂರು ಸಲ ಮಿಣುಕುತ್ವೆ, ಕಣ್ಣಿಗೆ ಗೊತ್ತಾಗಲ್ಲ, ಕ್ಯಾಮೆರಾಗೆ ಗೊತ್ತಾಗುತ್ತೆ. ಶಟರ್ 1/250 ಇಟ್ಟು ಸಾಲಾಗಿ ನಾಕು ಫೋಟೋ ತೆಗೆದ್ರೆ ಒಂದು ಬೆಳ್ಳಗೆ, ಒಂದು ಹಳದಿ, ಒಂದು ಅರ್ಧ ಮಂಕು. ಕ್ಯಾಮೆರಾ ಕೆಟ್ಟಿದೆ ಅಂತ ನಾನು ಸರ್ವಿಸಿಗೆ ಹೊರಟಿದ್ದೆ. 1/100 ಇಟ್ಟರೆ ಒಂದು ಮಿಣುಕು ಪೂರ್ತಿ ಒಳಗೆ ಬರುತ್ತೆ, ಎಲ್ಲಾ ಫೋಟೋ ಒಂದೇ ಥರ. ಹಂಗಾಗಿ ರಾತ್ರಿ ಹಾಲಲ್ಲಿ ನನ್ನ ಲೆಕ್ಕ ಎಫ್ 2.2, 1/100, ಐಎಸ್‌ಒ 3200. ಟ್ಯೂಬ್ ಎದುರಿನ ಗೋಡೆಗೆ ಬಿಳಿ ಸುಣ್ಣ ಇದ್ದರೆ ಆ ಕಡೆಗೆ ಮುಖ ಮಾಡಿ ಕೂರಿಸಿ, ಗೋಡೆನೇ ಇನ್ನೊಂದು ದೀಪ ಆಗುತ್ತೆ. ಹಸಿರು ಪೇಂಟ್ ಇದ್ದರೆ ಬೇಡ, ಮುಖಾನೂ ಹಸಿರು.

ಮುಖ ಅಂದ್ರೆ ಮನೆಯವರದ್ದೇ ಯಾಕೆ ಅಂತ ಒಂದಿನ ಮಂಡಕ್ಕಿ ಭಟ್ಟಿ ಕಡೆ ಹೋದೆ, ಪರಿಚಯದವರೊಬ್ಬರ ಭಟ್ಟಿ, ಕೇಳ್ಕೊಂಡೇ ಹೋಗಿದ್ದು. ಒಳಗೆ ಕಾದ ಮರಳಲ್ಲಿ ಅಕ್ಕಿ ಅರಳೋ ಸದ್ದು, ಬಿಸಿ, ಹೊಗೆ, ಗೋಡೆಯೆಲ್ಲಾ ಮಸಿ. ಫ್ಲಾಶನ್ನ ಮೇಲಕ್ಕೆ ತಿರುಗಿಸಿ ಬೌನ್ಸ್ ಮಾಡೋಣ ಅಂದ್ಕೊಂಡಿದ್ದೆ, ಮಸಿ ಚಾವಣಿ ಅಷ್ಟೂ ಬೆಳಕು ನುಂಗಿ ನೀರು ಕುಡೀತು. ಅಪರ್ಚರ್ ಮೋಡಲ್ಲಿ (ಅಪರ್ಚರ್ ನಾವು ಇಡೋದು, ಶಟರ್ ಕ್ಯಾಮೆರಾ ಇಡೋದು) ಇಟ್ಟರೆ ಇನ್ನೊಂದು ಆಟ, ಸುತ್ತ ಕಪ್ಪೇ ಇರೋದ್ರಿಂದ ಕ್ಯಾಮೆರಾ ಅಯ್ಯೋ ಕತ್ತಲು ಅಂದ್ಕೊಂಡು ಶಟರನ್ನ 1/20ಕ್ಕೆ ಇಳಿಸಿಬಿಡುತ್ತೆ, ಮುಖ ಬೆಳ್ಳಗಾಗಿ ಸುಟ್ಟು, ಜೊತೆಗೆ ಅಲ್ಲಾಡಿ, ಎರಡೂ ನಷ್ಟ. ಮ್ಯಾನುಯಲ್ ಮೋಡಿಗೆ ಹಾಕಿ, ಎಫ್ 2, 1/250, ಐಎಸ್‌ಒ 3200, ಸುತ್ತಲಿನ ಕಪ್ಪು ಕಪ್ಪಾಗೇ ಇರಲಿ ಅಂತ ಬಿಟ್ಟೆ. ಒಲೆ ಬೆಳಕಲ್ಲಿ ಭಟ್ಟಿ ಅಣ್ಣನ ಅರ್ಧ ಮುಖ, ಹುಬ್ಬಿನ ಮೇಲೆ ಮಂಡಕ್ಕಿ ಪುಡಿ, ಕಣ್ಣಲ್ಲಿ ಒಲೆಯ ಚುಕ್ಕೆ. ಕಾಳು ಇದೆ ಫೋಟೋದಲ್ಲಿ, ಇಲ್ಲ ಅನ್ನಲ್ಲ. 8x12 ಪ್ರಿಂಟ್ ಹಾಕಿಸಿ ಕೊಟ್ಟೆ, ಪ್ರಿಂಟಲ್ಲಿ ಕಾಳು ಕಾಣಲೇ ಇಲ್ಲ. ಕಾಳು ಬಂದ ಫೋಟೋನ ಸಾಫ್ಟ್‌ವೇರಲ್ಲಿ ರಿಪೇರಿ ಮಾಡಬಹುದು, ಅಲ್ಲಾಡಿದ್ದನ್ನ ಯಾವ ದೇವರೂ ರಿಪೇರಿ ಮಾಡಲ್ಲ, ಅದಕ್ಕೇ ಐಎಸ್‌ಒ ಏರಿಸೋಕೆ ಹೆದರಬೇಡಿ, ಶಟರ್ ಇಳಿಸೋಕೆ ಹೆದರಿ. ಲೆನ್ಸ್ ಬದಲಾಯಿಸೋದು ಮಾತ್ರ ಭಟ್ಟಿ ಒಳಗೆ ಮಾಡಬೇಡಿ, ನಾನು ಮಾಡಿದೆ, ಸೆನ್ಸರ್ ಮೇಲೆ ಕೂತ ಧೂಳು ಎರಡು ತಿಂಗಳು ಎಲ್ಲರ ಹಣೆ ಮೇಲೂ ಮಚ್ಚೆ ಇಟ್ಟಿತು.

ಈಗ ಕೊರತೆಗಳು. ಈ 50 ನಮ್ಮ ಸಣ್ಣ ಸೆನ್ಸರಿಗೆ ಮನೆಯೊಳಗೆ ಇಕ್ಕಟ್ಟು. ನಿಂತೋರ ಪೂರ್ತಿ ಆಳು ಬರಬೇಕಂದ್ರೆ ಕ್ಯಾಮೆರಾ ಉದ್ದುದ್ದ ಹಿಡಿದ್ರೂ ಹದಿಮೂರು ಅಡಿ ಹಿಂದೆ ಹೋಗಬೇಕು, ನಮ್ಮ ಹಾಲೇ ಹನ್ನೆರಡು ಅಡಿ. ಎದೆ ಮಟ್ಟದ ಫೋಟೋಗೆ ಹೇಳಿ ಮಾಡಿಸಿದ್ದು, ಗ್ರೂಪ್ ಫೋಟೋಗೆ ತಂದ್ರೆ ಬಾಗಿಲಾಚೆ ನಿಂತು ತೆಗೀಬೇಕಾಗುತ್ತೆ. ಕುಟುಂಬದ ಗುಂಪೇ ಜಾಸ್ತಿ ತೆಗೆಯೋರು 24ಎಂಎಂ 2.8 ನೋಡಿ, ಅದು ಒಂದು ಚಪ್ಪಟೆ ಬಿಸ್ಕತ್ ಇದ್ದಂಗೆ ಇದೆ. 85ಎಂಎಂ ಅಂತೂ ಮನೆಯೊಳಗೆ ಮರೆತುಬಿಡಿ, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಇದ್ದೋರ ಮಾತು ಬೇರೆ.

ಮ್ಯಾನುಯಲ್ ಫೋಕಸ್ ರಿಂಗು ಮೋಟರ್ ಮೂಲಕ ತಿರುಗೋದು, ಕ್ಯಾಮೆರಾ ಆಫ್ ಇದ್ದಾಗ ತಿರುಗಿಸಿದ್ರೆ ಏನೂ ಆಗಲ್ಲ. ಫೋಕಸ್ ಆಗುವಾಗ ಮುಂದಿನ ಭಾಗ ಒಂದಿಷ್ಟು ಹೊರಗೆ ಬರುತ್ತೆ, ಹಂಗೇ ಆಫ್ ಮಾಡಿ ಬ್ಯಾಗಿಗೆ ತುರುಕಬೇಡಿ, ಆ ಕೊಳವೆಗೆ ಏಟು ಬಿದ್ರೆ ಒಳಗೆ ಸಿಕ್ಕಿಹಾಕ್ಕೊಳ್ಳುತ್ತೆ. ನನ್ನದು ಒಂದ್ಸಲ ಬೈಕ್ ಟ್ಯಾಂಕ್ ಮೇಲಿಂದ ಬಿತ್ತು, ಬ್ಯಾಗ್ ಸಮೇತ, ಹುಡ್ (ಲೆನ್ಸಿನ ಮೂತಿಗೆ ಹಾಕೋ ಬಳೆಯಂಥದ್ದು) ಹಾಕಿದ್ದೆ ಅದಕ್ಕೆ ಬಚಾವು. ಹುಡ್ಡು ಡಬ್ಬಿ ಜೊತೆ ಬರಲ್ಲ, ಬೇರೆ ತಗೋಬೇಕು. ಕಿಟಕಿ ಪಕ್ಕದಿಂದ ಬೆಳಕು ನೇರ ಗಾಜಿಗೆ ಹೊಡೆದಾಗ ಫೋಟೋ ಹಾಲು ಚೆಲ್ಲಿದಂಗೆ ಮಂಕಾಗುತ್ತೆ, ಅದಕ್ಕೂ ಹುಡ್ಡೇ ಔಷಧಿ.

ಹೊಸದಾಗಿ ಕೆನಾನ್ ಮಿರರ್‌ಲೆಸ್ ತಗೊಳ್ಳೋರಿಗೆ ಇದೇ 50 1.8ರ ಆರ್‌ಎಫ್ ಅವತಾರ 2020ರಿಂದ ಇದೆ, ಕ್ಯಾಮೆರಾನೇ ಕಣ್ಣು ಹುಡುಕಿ ಫೋಕಸ್ ಹಿಡಿಯುತ್ತೆ, ನಾನು ಮೇಲೆ ಬರೆದ ವಿಭೂತಿ ಪುರಾಣ ಅವರಿಗೆ ಬೇಕಿಲ್ಲ. ಮನೇಲಿ ನನ್ನದಂಥ ಹಳೇ ಕೆನಾನ್ ಡಿಎಸ್‌ಎಲ್‌ಆರ್ (ಕನ್ನಡಿ ಇರೋ ಕ್ಯಾಮೆರಾ) ಇರೋರು, ಎರಡನೇ ಲೆನ್ಸ್ ಯಾವುದು ಅಂತ ಯೋಚನೆಲಿರೋರು ಬೇರೇನೂ ನೋಡದೆ ಈ ಎಸ್‌ಟಿಎಂ ತಗೊಳ್ಳಿ. ಐದಕ್ಕೆ ನಾಕು ಕೊಡ್ತೀನಿ, ಒಂದು ಕಡಿಮೆ ಮಾಡಿದ್ದು ನಮ್ಮ ಹಾಲು ಹನ್ನೆರಡೇ ಅಡಿ ಇರೋದಕ್ಕೆ, ಅದು ಲೆನ್ಸಿನ ತಪ್ಪಲ್ಲ, ಆದ್ರೂ.

ಅಜ್ಜಿ ಫೋಟೋನ ದೊಡ್ಡದಾಗಿ ಫ್ರೇಮ್ ಹಾಕಿಸಿಕೊಂಡು ಊರಿಗೆ ಹೋಗಿದ್ದೆ. ಕಂಬದ ಮೇಲೆ ಮೊಳೆ ಹೊಡೆಯೋಕೆ ಸ್ಟೂಲ್ ಹತ್ತಿದ್ದೆ ಅಷ್ಟೆ, "ಇಳಿಯಲೇ ಕೆಳಕ್ಕೆ, ನಾ ಇನ್ನೂ ಇದ್ದೀನಿ, ಈಗ್ಲೇ ಗೋಡೆಗೆ ಏರಿಸ್ತೀಯ?" ಅಂತ ಗದರಿದ್ಲು. ಫ್ರೇಮು ಈಗ ಅವಳ ಟ್ರಂಕಲ್ಲಿ ಇಳಕಲ್ ಸೀರೆ ಕೆಳಗಿದೆ. ಬಂದ ನೆಂಟರಿಗೆಲ್ಲಾ ತೆಗೆದು ತೋರಿಸಿ ಮತ್ತೆ ಒಳಗಿಡ್ತಾಳಂತೆ, ಅಕ್ಕ ಹೇಳಿದ್ದು.